ಅಗಸಿ ಬದಲಿಸುವ ರಾತ್ರಿ

“ತಮ್ಮಾ, ನೀ ಬೆಂಗಳೂರಾಗ ಮಾಡೋ ಕೆಲಸ ಯಾವುದಂತ ಮಂದಿ ಕೇಳ್ತಾರ. ಕಂಪ್ಯೂಟರ್ ಅಂತೀನಿ. ಕಂಪ್ಯೂಟರ್‌ನಾಗ ಏನು ಅಂತಾರ. ಅಲ್ಲಿಗೆ ನನ್ನ ಬಾಯಿ ಕಟ್ಟತೈತಿ.”

2025ರ ಎಳ್ಳಮಾವಾಸ್ಯೆಯ ಮಧ್ಯಾಹ್ನ ಯಲಬುರ್ಗಾ ತಾಲೂಕಿನ ಒಂದು ಎರೆಹೊಲದಲ್ಲಿ ತಂದೆ ಮಗನಿಗೆ ಹೇಳಿದ ಮಾತಿದು. ಚರಗ ಚೆಲ್ಲಿ ಆಗಿತ್ತು. ಬನ್ನಿ ಗಿಡದ ನೆರಳಿನಲ್ಲಿ ಕಂಬಳಿ ಹಾಸಿ, ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಹೋಳಿಗೆಗಳ ಬುತ್ತಿ ಬಿಚ್ಚಿದ್ದರು. ಹೊಲ ತಾಯಿಯ ತವರಿನದು. ತಂದೆಯದು ಗಂಗಾವತಿ ಕಡೆಯ ಭತ್ತದ ಗದ್ದೆ. ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ವಿತರಣಾ ನಾಲೆಯ ಕಟ್ಟಕಡೆಯ ತೂಬಿನ ನೀರು ಕುಡಿಯುವ ನಾಲ್ಕು ಎಕರೆ. ಬೇರೆ ವರ್ಷವಾಗಿದ್ದರೆ ಎರಡನೆಯ ಬೆಳೆಯ ಸಸಿಮಡಿಯ ಗಡಿಬಿಡಿಯಲ್ಲಿ ಅವರಿಗೆ ಹೀಗೆ ಕಾಲು ಚಾಚಿ ಕೂರಲು ಪುರಸೊತ್ತೇ ಇರುತ್ತಿರಲಿಲ್ಲ. ಜಲಾಶಯದ 33 ಕ್ರೆಸ್ಟ್ ಗೇಟುಗಳನ್ನು ಬದಲಿಸಬೇಕಾದ್ದರಿಂದ ಎರಡನೆಯ ಬೆಳೆಗೆ ನೀರು ಬಿಡುವುದಿಲ್ಲವೆಂದು 2025ರ ನವೆಂಬರಿನಲ್ಲಿ ತೀರ್ಮಾನವಾಗಿತ್ತು.

“ನಾನೂ ಗೇಟ್ ಬದಲ ಮಾಡೋ ಕೆಲಸಾನ ಮಾಡಾಕತ್ತೀನಪಾ” ಎಂದ ಮಗ.

“ಹೌದೇನು? ನಿಮ್ಮ ಗೇಟ್ ಬದಲ ಮಾಡಾಕೂ ಒಂದು ಪೀಕು ಬಿಡಬೇಕೇನು?”

ಮಗ ಉತ್ತರ ಹೇಳಲು ತುಸು ತಡವರಿಸಿದ. ಆ ಕೆಲಸದ ಕಷ್ಟವೆಲ್ಲ ಇದ್ದದ್ದು ಆ ಒಂದು ಪ್ರಶ್ನೆಯಲ್ಲೇ. ಅವನು ಬದಲಿಸಬೇಕಾಗಿದ್ದ ಬಾಗಿಲಿನ ಮೂಲಕ ಹಗಲಿರುಳೂ ಜನ ಓಡಾಡುತ್ತಿದ್ದರು. ಒಂದು ದಿನವಲ್ಲ, ಒಂದು ನಿಮಿಷವೂ ಅದನ್ನು ಮುಚ್ಚುವಂತಿರಲಿಲ್ಲ.

ಬಾಗಿಲು ಎಂಥದು ಎಂಬುದನ್ನು ಮೊದಲು ನೋಡಬೇಕು. ಹಿಂದೆ ಒಂದು ಸಂಸ್ಥೆಗೆ ಒಂದು ಗಣಕಯಂತ್ರ, ಅದರಲ್ಲಿ ಅದರ ಲೆಕ್ಕಪತ್ರ ಎಂಬ ಕಾಲವಿತ್ತು. ಈಗ ಹಾಗಲ್ಲ. ನೂರಾರು ಯಂತ್ರಗಳನ್ನು ಒಟ್ಟಿಗೆ ಕಟ್ಟಿ, ಅವೆಲ್ಲ ಸೇರಿ ಒಂದೇ ದೊಡ್ಡ ಯಂತ್ರವೆಂಬಂತೆ ದುಡಿಸಿ, ಅದರೊಳಗೆ ಹತ್ತಾರು ಸಂಸ್ಥೆಗಳಿಗೆ ಜಾಗ ಬಾಡಿಗೆಗೆ ಕೊಡುತ್ತಾರೆ. ಹೀಗೆ ದುಡಿಸುವ ತಂತ್ರಾಂಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕುಬರ್ನೆಟಿಸ್. ಗೂಗಲ್ ಸಂಸ್ಥೆ 2014ರಲ್ಲಿ ಇದನ್ನು ಯಾರು ಬೇಕಾದರೂ ಬಳಸಲು, ತಿದ್ದಲು ಮುಕ್ತವಾಗಿ ಬಿಟ್ಟುಕೊಟ್ಟಿತು. ಗ್ರೀಕ್ ಭಾಷೆಯ ಈ ಪದಕ್ಕೆ ಹಡಗಿನ ಚುಕ್ಕಾಣಿ ಹಿಡಿಯುವವನು ಎಂದರ್ಥ. ಆನೆಗೊಂದಿಯಲ್ಲಿ ಹರಿಗೋಲು ಹಾಕುವ ಅಂಬಿಗನನ್ನು ನೆನೆದುಕೊಂಡರೂ ನಡೆದೀತು. ಈ ಅಂಬಿಗನಿಗೆ ಒಂದು ವಿಶೇಷ ಗುಣವಿದೆ. ಯಾವುದೋ ಯಂತ್ರ ಕೆಟ್ಟರೆ ಅದರಲ್ಲಿ ನಡೆಯುತ್ತಿದ್ದ ಕಾರ್ಯಕ್ರಮವನ್ನು ಅವನು ಇನ್ನೊಂದರಲ್ಲಿ ತಾನಾಗಿಯೇ ಮತ್ತೆ ಚಾಲೂ ಮಾಡುತ್ತಾನೆ. ಅಂದರೆ ಒಳಗೆ ಯಾರಿಗೂ ಕಾಯಂ ಮನೆ ನಂಬರು ಎಂಬುದಿಲ್ಲ. ಇಂದು ಇಲ್ಲಿ, ನಾಳೆ ಅಲ್ಲಿ.

ಹೀಗಿರುವಾಗ ಹೊರಗಿನಿಂದ ಬಂದವನು ತನಗೆ ಬೇಕಾದವರನ್ನು ಹುಡುಕುವುದು ಹೇಗೆ? ಅದಕ್ಕೇ ಊರಿಗೊಂದು ಅಗಸಿ ಇರುವಂತೆ ಈ ವಠಾರಕ್ಕೂ ಒಂದು ಅಗಸಿ. ಅಲ್ಲಿ ಕೂತ ಕಾವಲುಗಾರ ಬಂದವರ ಕೈಯ ಚೀಟಿ ನೋಡುತ್ತಾನೆ. ಯಾವ ಹೆಸರಿಗೆ ಬಂದಿದ್ದಾನೆ, ಯಾವ ದಾರಿ ಕೇಳುತ್ತಾನೆ ಎಂದು ಓದಿ, ಆ ಹೊತ್ತಿಗೆ ಆ ಬಾಡಿಗೆದಾರ ಯಾವ ಕೋಣೆಯಲ್ಲಿದ್ದಾನೋ ಅಲ್ಲಿಗೆ ಕಳಿಸುತ್ತಾನೆ. ಈ ಅಗಸಿಗೆ ಅಲ್ಲಿಯ ಪರಿಭಾಷೆಯಲ್ಲಿ ಇಂಗ್ರೆಸ್ ಎಂದು ಹೆಸರು. ಚೀಟಿಗಳು ಲಕೋಟೆಯಲ್ಲಿ ಮೊಹರಾಗಿ ಬರುತ್ತವೆ. ಒಡೆದು ಓದಲು ಆಯಾ ಬಾಡಿಗೆದಾರನ ಗುಪ್ತ ಕೀಲಿ ಬೇಕು. ಆದ್ದರಿಂದ ಕಾವಲುಗಾರನ ಸೊಂಟದಲ್ಲಿ ಎಲ್ಲರ ಕೀಲಿಗಳ ಗೊಂಚಲು ಇರುತ್ತದೆ. ಈ ಗೊಂಚಲನ್ನು ಓದುಗರು ಮರೆಯಬಾರದು.

ಇದೆಲ್ಲ ಬೆಂಗಳೂರಿನವರ ಸಮಾಚಾರ, ಕೊಪ್ಪಳದ ಮಕ್ಕಳಿಗೇನು ಸಂಬಂಧ ಎನ್ನುವಂತಿಲ್ಲ. ಕುಷ್ಟಗಿಯ ಯಾವುದೇ ಸರ್ಕಾರಿ ಶಾಲೆಯ ವಿಜ್ಞಾನ ಪುಸ್ತಕ ತೆರೆದರೆ ಪಾಠದ ಬದಿಯಲ್ಲಿ ಕಪ್ಪು ಬಿಳಿ ಚೌಕುಳಿಯ ಒಂದು ಗುರುತು, ಕ್ಯೂಆರ್ ಕೋಡ್, ಕಾಣುತ್ತದೆ. ಮೊಬೈಲನ್ನು ಅದರ ಮೇಲೆ ಹಿಡಿದರೆ ದೀಕ್ಷಾ ಎಂಬ ವೇದಿಕೆಯಲ್ಲಿ ಆ ಪಾಠದ ದೃಶ್ಯ, ಪ್ರಶ್ನೆಗಳು ತೆರೆದುಕೊಳ್ಳುತ್ತವೆ. 2017ರ ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಯಂದು ಆರಂಭವಾದ ದೀಕ್ಷಾ, ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಸನ್‌ಬರ್ಡ್ ರೂಪುಗೊಂಡದ್ದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದಲ್ಲಿ. ಅದನ್ನು ನಡೆಸುವುದು ಕುಬರ್ನೆಟಿಸ್ ಮೇಲೆಯೇ. ಅದೂ ಒಂದು ವಠಾರ. ಕರ್ನಾಟಕ ಒಬ್ಬ ಬಾಡಿಗೆದಾರ, ಬೇರೆ ರಾಜ್ಯಗಳು ಬೇರೆ ಬೇರೆ ಬಾಡಿಗೆದಾರರು. ಕನ್ನಡದ ಪಾಠ ಕೇಳಿದ ಹುಡುಗಿಗೆ ಮರಾಠಿಯ ಪಾಠ ಬರಬಾರದು. ಒಬ್ಬರ ಮಕ್ಕಳ ವಿವರ ಇನ್ನೊಬ್ಬರಿಗೆ ಕಾಣಬಾರದು.

ಕಾಣಬಾರದ್ದು ಕಂಡ ಪ್ರಸಂಗವೂ ನಡೆದಿದೆ. ದೀಕ್ಷಾಕ್ಕೆ ಸೇರಿದ ದತ್ತಾಂಶವಿದ್ದ ಒಂದು ಸಂಗ್ರಹಾಗಾರ ಬೀಗವಿಲ್ಲದೆ ತೆರೆದೇ ಇತ್ತು, ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ದೂರವಾಣಿ ಸಂಖ್ಯೆಗಳೂ ಲಕ್ಷಾಂತರ ವಿದ್ಯಾರ್ಥಿಗಳ ವಿವರಗಳೂ ಅದರಲ್ಲಿದ್ದವು ಎಂದು 2023ರ ಜನವರಿಯಲ್ಲಿ ವೈರ್ಡ್ ಪತ್ರಿಕೆ ವರದಿ ಮಾಡಿತು. ಅಲ್ಲಿ ಅಗಸಿಯದೇನೂ ತಪ್ಪಿರಲಿಲ್ಲ. ತೆರೆದಿದ್ದುದು ಹಿತ್ತಿಲ ಬಾಗಿಲು. ಪಾಲಕರ ದೃಷ್ಟಿಯಲ್ಲಿ ಎರಡೂ ಒಂದೇ ತಾನೆ? ಮಗಳ ಹೆಸರು ಯಾವ ಬಾಗಿಲಿನಿಂದ ಬೀದಿಗೆ ಬಂತು ಎಂಬ ಲೆಕ್ಕ ಹೆತ್ತವರಿಗೆ ಬೇಕಿಲ್ಲ.

ಈಗ ಕೀಲಿ ಗೊಂಚಲಿನ ವಿಷಯಕ್ಕೆ ಬರೋಣ. ಕುಬರ್ನೆಟಿಸ್‌ಗೆ ಹಲವು ಬಗೆಯ ಅಗಸಿಗಳುಂಟು. ಅವುಗಳಲ್ಲಿ ಬಹುಕಾಲ ಅತ್ಯಂತ ಜನಪ್ರಿಯವಾಗಿದ್ದುದು ಇಂಗ್ರೆಸ್ ಎಂಜಿನ್‌ಎಕ್ಸ್. ಅದರ ಜನಪ್ರಿಯತೆಗೆ ಕಾರಣ ಅದರ ಸಡಿಲು ಸ್ವಭಾವ. ಬಾಡಿಗೆದಾರ ತನ್ನ ದಾರಿಯ ವಿವರದ ಜೊತೆಗೆ “ಹೀಗೆ ಮಾಡು, ಹಾಗೆ ಮಾಡು” ಎಂದು ತನ್ನದೇ ನಾಲ್ಕು ಸಾಲು ಸೇರಿಸಿ ಕೊಟ್ಟರೆ ಕಾವಲುಗಾರ ಅದನ್ನು ತನ್ನ ಆದೇಶ ಪುಸ್ತಕಕ್ಕೆ ಹಾಗೇ ನಕಲು ಮಾಡಿಕೊಳ್ಳುತ್ತಿದ್ದ. ಒಳ್ಳೆಯವರಿಗೆ ಇದು ಅನುಕೂಲ. ಆದರೆ ಆ ನಾಲ್ಕು ಸಾಲಿನಲ್ಲಿ “ನಿನ್ನ ಗೊಂಚಲನ್ನು ನನಗೆ ತೋರಿಸು” ಎಂದು ಬರೆಯುವವನೂ ಇರಬಹುದಲ್ಲ? ಹೀಗೆ ಎಲ್ಲರ ಗುಟ್ಟುಗಳನ್ನೂ ಓದಲು ಸಾಧ್ಯವೆಂಬುದು 2021ರಲ್ಲೇ ಬಯಲಾಯಿತು. 2025ರ ಮಾರ್ಚ್ 24ರಂದು ಇನ್ನೂ ದೊಡ್ಡ ಬಿರುಕು ಪ್ರಕಟವಾಯಿತು. ವಿಜ್ ಎಂಬ ಭದ್ರತಾ ಸಂಸ್ಥೆಯವರು ಪತ್ತೆ ಮಾಡಿದ ಈ ದೋಷದಲ್ಲಿ, ವಠಾರದ ಒಳಜಾಲಕ್ಕೆ ಹೇಗೋ ಕಾಲಿಟ್ಟವನು ಯಾವ ಗುರುತು ಚೀಟಿಯೂ ಇಲ್ಲದೆ ಕಾವಲುಗಾರನನ್ನೇ ತನ್ನ ಕೈಗೊಂಬೆ ಮಾಡಿಕೊಳ್ಳಬಹುದಿತ್ತು. ಅಪಾಯವನ್ನು ಅಳೆಯುವ ಹತ್ತು ಅಂಕಗಳ ಮಾಪನದಲ್ಲಿ ಅದಕ್ಕೆ 9.8 ಸಿಕ್ಕಿತು. ಪರೀಕ್ಷೆಯಲ್ಲಾಗಿದ್ದರೆ ಹೆಮ್ಮೆಪಡಬಹುದಾದ ಅಂಕ! ಕುಬರ್ನೆಟಿಸ್ ಬಳಸುವ ವಠಾರಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚಿನವು ಇದೇ ಅಗಸಿಯನ್ನು ನೆಚ್ಚಿದ್ದವು.

ದೋಷವನ್ನು ತಿದ್ದಿದರು. ಆದರೆ ತಿದ್ದಿದವರು ಯಾರು, ಎಷ್ಟು ಜನ ಎಂಬುದು ಈ ಕಥೆಯಲ್ಲಿ ಹೆಚ್ಚು ಸೋಜಿಗದ ಭಾಗ. ಜಗತ್ತಿನ ಬ್ಯಾಂಕು, ಆಸ್ಪತ್ರೆ, ಅಂಗಡಿಗಳೆಲ್ಲ ಹಾದು ಹೋಗುವ ಈ ಅಗಸಿಯನ್ನು ವರ್ಷಗಟ್ಟಲೆ ನೋಡಿಕೊಂಡವರು ಒಬ್ಬರೋ ಇಬ್ಬರೋ. ಅದೂ ಸಂಬಳಕ್ಕಲ್ಲ, ತಮ್ಮ ನೌಕರಿ ಮುಗಿಸಿ ರಾತ್ರಿಯ ವೇಳೆ, ರಜೆಯ ದಿನಗಳಲ್ಲಿ. ಸಹಾಯಕ್ಕೆ ಬನ್ನಿ ಎಂದು ಕರೆದರು. ಬಳಸುವವರು ಸಾವಿರಾರು ಸಂಸ್ಥೆಗಳು, ಬಂದು ಕೈಜೋಡಿಸಿದವರು ವಿರಳ. ಕೊನೆಗೆ 2025ರ ನವೆಂಬರ್ 11ರಂದು, 2026ರ ಮಾರ್ಚಿಯವರೆಗೆ ಕೈಲಾದಷ್ಟು ನೋಡಿಕೊಳ್ಳುತ್ತೇವೆ, ಆಮೇಲೆ ಯಾವ ದುರಸ್ತಿಯೂ ಇಲ್ಲ ಎಂದು ಪ್ರಕಟಿಸಿಬಿಟ್ಟರು. ಅಗಸಿ ಮಾರನೆಯ ದಿನ ಕುಸಿದು ಬೀಳುವುದಿಲ್ಲ, ನಿಂತೇ ಇರುತ್ತದೆ. ಹೊಸ ಬಿರುಕು ಬಿಟ್ಟರೆ ಗಾರೆ ಹಾಕುವವರಿಲ್ಲ, ಅಷ್ಟೆ. ಊರ ಕೆರೆಯ ಹೂಳು ತೆಗೆಯಲು ಬಾರದೆ, ಕೆರೆ ಬತ್ತಿದ ಮೇಲೆ ಚಾವಡಿಯಲ್ಲಿ ಕೂತು ಮಾತಾಡುವವರನ್ನು ಕಂಡವರಿಗೆ ಇದೇನೂ ಹೊಸದಲ್ಲ.

ಹೊಲದಲ್ಲಿ ಕೂತ ಮಗನಿಗೆ ಬಂದಿದ್ದ ತುರ್ತು ಇದೇ. ಅವನು ದುಡಿಯುವ ಕಂಪನಿಯ ವಠಾರದಲ್ಲಿ ಹತ್ತಾರು ಬಾಡಿಗೆದಾರರಿದ್ದರು. ಮಾರ್ಚಿಯೊಳಗೆ ಎಲ್ಲರನ್ನೂ ಹೊಸ ಅಗಸಿಗೆ ದಾಟಿಸಬೇಕಿತ್ತು. ಹೊಸದರ ಹೆಸರು ಗೇಟ್‌ವೇ ಎಪಿಐ. 2023ರ ಅಕ್ಟೋಬರಿನಲ್ಲಿ ಪಕ್ವವಾಗಿ ಹೊರಬಂದ ಏರ್ಪಾಡು. ಅದರಲ್ಲಿ ಅಧಿಕಾರವನ್ನು ಹಂಚಿದ್ದಾರೆ. ಯಾವ ಬಗೆಯ ಬಾಗಿಲು ಎಂದು ಗೊತ್ತುಮಾಡುವವರು ಒಬ್ಬರು, ಬಾಗಿಲು ನಿಲ್ಲಿಸಿ ಬೀಗ ಹಾಕುವವರು ಇನ್ನೊಬ್ಬರು, ಬಾಗಿಲಿನಿಂದ ತನ್ನ ಕೋಣೆಗೆ ದಾರಿ ಬರೆಯುವವನು ಮಾತ್ರ ಬಾಡಿಗೆದಾರ. ಒಬ್ಬನ ದಾರಿ ಇನ್ನೊಬ್ಬನ ಕೋಣೆಗೆ ಹೋಗಬೇಕೆಂದರೆ ಆ ಕೋಣೆಯವನೇ ಒಪ್ಪಿಗೆ ಬರೆದುಕೊಡಬೇಕು. ಮನಸ್ಸಿಗೆ ಬಂದ ನಾಲ್ಕು ಸಾಲು ಕಾವಲುಗಾರನ ಪುಸ್ತಕಕ್ಕೆ ತುರುಕುವ ಪದ್ಧತಿ ಇಲ್ಲಿಲ್ಲ.

ಮಗ ಇದನ್ನೆಲ್ಲ ಕಾಲುವೆಯ ಮಾತಿನಲ್ಲಿ ಹೇಳಿದ. ತಂದೆಗೆ ತಿಳಿಯದ್ದು ಏನೂ ಇರಲಿಲ್ಲ. ಒಂದು ನಾಲೆಗೆ ನೂರು ಹೊಲ, ಮೇಲಿನವ ತನ್ನ ಪಾಲು ಮೀರಿ ಪಂಪು ಹಚ್ಚಿದರೆ ಕೆಳಗಿನವನಿಗೆ ನೀರಿಲ್ಲ, ಆದ್ದರಿಂದ ಪ್ರತಿ ತೂಬಿಗೂ ಮಿತಿ ಬೇಕು, ನೀರುಗಂಟಿಯ ಕೈ ಶುದ್ಧವಿರಬೇಕು. ಇವು ಅವರು ಮೂವತ್ತು ವರ್ಷದಿಂದ ಜಗಳಾಡಿ ಕಲಿತ ಪಾಠಗಳು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುತ್ತಿದ್ದ ನೀರಿಗೇ ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ಇಳಿಸಿ ಒಂದು ವಾರದೊಳಗೆ ತಡೆದದ್ದನ್ನು ಅವರು ನೆನೆಸಿಕೊಂಡರು. ಆ ವಾರ ಗಂಗಾವತಿ ಸೀಮೆಯಲ್ಲಿ ನಿದ್ದೆ ಮಾಡಿದ ರೈತರು ಕಡಿಮೆ.

“ಹರಿಯೋ ನೀರಾಗ ಗೇಟ್ ಕೂಡಸೋದು ದೊಡ್ಡ ಮಾತು ಬಿಡು” ಎಂದರು ತಂದೆ. “ಆದ್ರ ಒಂದು ಹೇಳ್ತೀನಿ. ನಾಲೆಗೆ ನೀರು ಬಿಟ್ಟಾಗ ಹೆಡ್ಡಿನಾಗ ನಿಂತು ನೋಡಿ, ನೀರು ಬಂತು ಅಂತ ಬರಕೊಂಡು ಹೊಕ್ಕಾರ. ಕೊನೀ ತೂಬಿಗೆ ಬಂದು ನೋಡಾವ ಯಾವನು? ನಮ್ಮ ಹೊಲಕ್ಕ ಮುಟ್ಟಿದ್ರ ಅದು ನೀರು.”

ಅಲ್ಲೇ ಕೂತು ಹೋಳಿಗೆ ಮುರಿಯುತ್ತಿದ್ದ ತಂಗಿ, ಸೋದರಮಾವನ ಮನೆಯಲ್ಲಿದ್ದುಕೊಂಡು ಎಸ್ಸೆಸ್ಸೆಲ್ಸಿ ಓದುವವಳು, “ಅಣ್ಣಾ, ನಿನ್ನ ಗೇಟಿನ ಕೊನೀ ಹೊಲ ಎಲ್ಲೈತಿ?” ಎಂದು ನಕ್ಕಳು. ಅವನೂ ನಕ್ಕ.

ಫೆಬ್ರುವರಿಯ ಒಂದು ಶನಿವಾರ ರಾತ್ರಿ ಕೆಲಸ ಶುರುವಾಯಿತು. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವ ಪದ್ಧತಿಯಲ್ಲ ಅದು. ಹಳೆಯ ಅಗಸಿ ಇದ್ದಂತೆಯೇ ಇರುತ್ತದೆ; ಪಕ್ಕದಲ್ಲಿ ಹೊಸದನ್ನು ಕಟ್ಟಿ ಅದಕ್ಕೆ ಬೇರೆ ವಿಳಾಸ ಕೊಡುತ್ತಾರೆ. ಅಂತರಜಾಲದಲ್ಲಿ ಹೆಸರು ಹೇಳಿದರೆ ವಿಳಾಸ ತಿಳಿಸುವ ಒಂದು ವ್ಯವಸ್ಥೆಯಿದೆ, ಡಿಎನ್‌ಎಸ್ ಎನ್ನುತ್ತಾರೆ. ಕೇಳಿದ ನೂರು ಜನರಲ್ಲಿ ಐದು ಜನರಿಗೆ ಹೊಸ ವಿಳಾಸ, ಉಳಿದವರಿಗೆ ಹಳೆಯದು ಎಂದು ಅದಕ್ಕೆ ಹೇಳಿಡುತ್ತಾರೆ. ಐದೂ ಜನ ಸುರಕ್ಷಿತವಾಗಿ ಒಳಗೆ ಹೋದರೆ ಇಪ್ಪತ್ತೈದು, ಆಮೇಲೆ ಐವತ್ತು. ಎಡವಟ್ಟಾದರೆ ಮತ್ತೆ ಸೊನ್ನೆಗೆ. ಒಂದು ತೊಡಕೂ ಇದೆ. ಒಮ್ಮೆ ವಿಳಾಸ ಕೇಳಿದ ಮೊಬೈಲು ಅದನ್ನು ಕೆಲಹೊತ್ತು ನೆನಪಿಟ್ಟುಕೊಳ್ಳುತ್ತದೆ. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದವು. ಆದೇಶ ಹೊರಟಷ್ಟು ಬೇಗ ಕಾಲಿನ ಅಭ್ಯಾಸ ತಪ್ಪುವುದುಂಟೇ? ಜಿಲ್ಲಾ ಕಚೇರಿಯೆಂದರೆ ರಾಯಚೂರಿನ ಬಸ್ಸು ಹತ್ತಿ ರೂಢಿಯಾದವರಿಗೆ ಕೊಪ್ಪಳದ ಬಸ್ಸು ಹತ್ತಲು ಕೆಲಕಾಲ ಬೇಕೇ ಬೇಕು. ಅದಕ್ಕೆಂದೇ ನಾಲ್ಕು ದಿನ ಮುಂಚೆ ಆ ನೆನಪಿನ ಅವಧಿಯನ್ನು ಅರವತ್ತು ಸೆಕೆಂಡಿಗೆ ಇಳಿಸಿಟ್ಟಿದ್ದ.

ಐದು ದಾಟಿತು. ಇಪ್ಪತ್ತೈದೂ ದಾಟಿತು. ಪರದೆಯ ಮೇಲಿನ ಗೆರೆಗಳು ನೇರವಾಗಿದ್ದವು. ಜೊತೆಯವರು ಚಹಾ ತರಿಸಿದರು. ಬೆಳಗಿನ ನಾಲ್ಕರ ಸುಮಾರಿಗೆ ಒಂದು ಮೂಲೆಯಲ್ಲಿ, ದಾರಿ ಸಿಗದೆ ಹಿಂದಿರುಗಿದವರ ಒಂದು ಸಣ್ಣ ಲೆಕ್ಕ ಕಾಣಿಸಿತು. ಸಾವಿರಕ್ಕೆ ಒಂದೋ ಎರಡೋ. “ಯಾರೋ ವಿಳಾಸ ತಪ್ಪಾಗಿ ಟೈಪ್ ಮಾಡಿದ್ದಾರೆ, ಬಿಡು. ಇಂಥವು ಯಾವಾಗಲೂ ಇರುತ್ತವೆ” ಎಂದರು ಹಿರಿಯರೊಬ್ಬರು. ಅವರ ಮಾತು ಸುಳ್ಳೂ ಅಲ್ಲ. ಅಂತರಜಾಲದ ಬೀದಿಯಲ್ಲಿ ದಾರಿ ತಪ್ಪಿದವರಿಗೆ ಬರವಿಲ್ಲ. ಇನ್ನೂ ಕತ್ತಲಿರುವಾಗಲೇ ಐವತ್ತಕ್ಕೆ ಏರಿಸುವ ವಿಚಾರ ನಡೆದಿತ್ತು.

ಮಗನಿಗೆ ಕೊನೆಯ ತೂಬು ನೆನಪಾಯಿತು. ಏರಿಸುವುದನ್ನು ತಡೆದು ಆ ಹಿಂದಿರುಗಿದವರ ಚೀಟಿಗಳನ್ನು ಒಂದೊಂದಾಗಿ ತೆಗೆದು ಓದಿದ. ತಪ್ಪಾಗಿ ಟೈಪ್ ಮಾಡುವವರು ಬೇರೆ ಬೇರೆ ತಪ್ಪು ಮಾಡುತ್ತಾರೆ. ಇವರೆಲ್ಲರೂ ಒಂದೇ ತಪ್ಪು ಮಾಡಿದ್ದರು: ಎಲ್ಲರೂ ಕೇಳಿದ್ದು ಒಂದೇ ಬಾಡಿಗೆದಾರನನ್ನು, ಒಂದೇ ದಾರಿಯನ್ನು. ಆ ದಾರಿಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಮಾತ್ರ ದೊಡ್ಡಕ್ಷರದಲ್ಲಿತ್ತು. ಬಾಡಿಗೆದಾರರು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪ್ರಶ್ನೋತ್ತರ ಪುಸ್ತಕ ಅಚ್ಚು ಹಾಕಿಸುವವರು.

ಬೆಳಗಿನ ಆರಕ್ಕೆ ತಂಗಿಗೆ ಫೋನು ಹೋಯಿತು. ಅವಳ ಹತ್ತಿರ ಆ ಪುಸ್ತಕವಿತ್ತು. ಕುಷ್ಟಗಿಯ ಚಿಕ್ಕಮ್ಮನ ಮಗಳು ಹಿಂದಿನ ವರ್ಷ ಓದಿ, ಪಾಸಾಗಿ, ಇವಳಿಗೆ ದಾಟಿಸಿದ ಹಳೆಯ ಪ್ರತಿ.

“ಅದರಾಗಿನ ಕ್ಯೂಆರ್ ಕೋಡಿಗೆ ಫೋನ್ ಹಿಡಿದು ನೋಡವ್ವಾ.”

“ತಡಿಯಣ್ಣಾ, ಮಾಳಿಗಿ ಮ್ಯಾಲ ಹೋಗಬೇಕು. ಇಲ್ಲಿ ಸಿಗ್ನಲ್ ಬರಂಗಿಲ್ಲ.” ಏಣಿಯ ಸದ್ದು ಕೇಳಿಸಿತು. ಒಂದೆರಡು ಸಲ ತೆರೆಯಿತು. ಮೂರನೆಯ ಸಲ, “ಸಿಕ್ಕಿಲ್ಲ ಅಂತ ಬಂತಣ್ಣಾ. 404 ಅಂತ ಐತಿ.”

ಆಗಿದ್ದು ಇಷ್ಟು. ಹಳೆಯ ಅಗಸಿಗೆ ಒಂದು ವಿಚಿತ್ರ ರೂಢಿಯಿತ್ತು. ಒಂದು ಹೆಸರಿನ ಯಾವುದೋ ಒಂದು ದಾರಿಗೆ ವಿಶೇಷ ಮಾದರಿಯ ಹೊಂದಾಣಿಕೆ ಬಳಸಿದರೆ, ಆ ಹೆಸರಿನ ಎಲ್ಲ ದಾರಿಗಳಿಗೂ ಅದು ದೊಡ್ಡಕ್ಷರ, ಸಣ್ಣಕ್ಷರದ ಭೇದವನ್ನೇ ಎಣಿಸುತ್ತಿರಲಿಲ್ಲ. ಮುದ್ರಕರು ಎರಡು ವರ್ಷದ ಹಿಂದೆ ಮಾಡಿದ ಅಕ್ಷರದೋಷವನ್ನು ಆ ಕಾವಲುಗಾರ ಸುಮ್ಮನೆ ಸರಿಪಡಿಸಿಕೊಂಡು ಮಕ್ಕಳನ್ನು ಒಳಗೆ ಬಿಡುತ್ತಿದ್ದ. ಯಾರಿಗೂ ಗೊತ್ತಾಗಲಿಲ್ಲ. ಹೊಸ ಕಾವಲುಗಾರ ನಿಯಮಕ್ಕೆ ಕಟ್ಟುಬಿದ್ದವನು. ಬರೆದದ್ದು ಬರೆದಂತೆಯೇ ಇರಬೇಕು ಅವನಿಗೆ. ಅವನದು ತಪ್ಪೆನ್ನಲಾಗದು. ಆದರೆ ಪರದೆಯ ಮೇಲಿನ ಅಕ್ಷರವನ್ನು ನಿಮಿಷದಲ್ಲಿ ತಿದ್ದಬಹುದು, ಕಾಗದದ ಮೇಲೆ ಅಚ್ಚಾದ ಚೌಕುಳಿಯನ್ನು ತಿದ್ದುವವರು ಯಾರು? ಹೊಸ ಮುದ್ರಣದಲ್ಲಿ ಮುದ್ರಕರು ಅದನ್ನು ಸರಿಮಾಡಿದ್ದರು. ಹೀಗಾಗಿ ಅಂಗಡಿಯಿಂದ ಹೊಸ ಪುಸ್ತಕ ತಂದ ಮಕ್ಕಳಿಗೆ ಏನೂ ಆಗುತ್ತಿರಲಿಲ್ಲ. ತೊಂದರೆಯಿದ್ದದ್ದು ಅಕ್ಕನದೋ ಅಣ್ಣನದೋ ಹಳೆಯ ಪುಸ್ತಕದಲ್ಲಿ ಓದುವವರಿಗೆ ಮಾತ್ರ. ಸಾವಿರಕ್ಕೆ ಒಂದೋ ಎರಡೋ ಎಂದರೆ ಅವರೇ. ಪರೀಕ್ಷೆಗೆ ತಿಂಗಳು ಉಳಿದಿತ್ತು.

ಆ ಬಾಡಿಗೆದಾರನ ಪಾಲನ್ನು ಮತ್ತೆ ಹಳೆಯ ಅಗಸಿಗೆ ತಿರುಗಿಸಿದರು. ಹಳೆಯ ಬರಹದಲ್ಲಿ ಬಂದವರನ್ನೂ ಅದೇ ಕೋಣೆಗೆ ಕಳಿಸು ಎಂದು ಹೊಸ ಅಗಸಿಯಲ್ಲಿ ಒಂದು ಸಾಲು ಸೇರಿಸಿ, ಉಳಿದ ಬಾಡಿಗೆದಾರರ ಹಳೆಯ ಚೀಟಿಗಳನ್ನೂ ಒಮ್ಮೆ ಜರಡಿ ಹಿಡಿದರು. ಇನ್ನೆರಡು ಕಡೆ ಇಂಥದೇ ಅಕ್ಷರಭೇದ ಸಿಕ್ಕಿತು. ಐವತ್ತಕ್ಕೆ ಏರಿಸುವ ಕೆಲಸ ಒಂದು ವಾರ ಮುಂದೆ ಹೋಯಿತು. ಮೇಲಿನವರು ಒಂದಿಷ್ಟು ಗೊಣಗಿದರು. ಮುಂದಿನ ಶನಿವಾರ ಐವತ್ತು, ಅದರ ಮುಂದಿನ ಶನಿವಾರ ನೂರು. ಅಂದು ಬೆಳಗ್ಗೆ ಯಲಬುರ್ಗಾದ ಮಾಳಿಗೆಯ ಮೇಲಿಂದ ಹತ್ತು ಸಲ ಪುಸ್ತಕಕ್ಕೆ ಫೋನು ಹಿಡಿದು, ಹತ್ತು ಸಲವೂ ಪಾಠ ತೆರೆಯಿತೆಂದು ತಂಗಿ ವರದಿ ಒಪ್ಪಿಸಿದಳು. ಬೆಳಕಿನ ವಕ್ರೀಭವನದ ಪಾಠ.

ತಂದೆಗೆ ಸುದ್ದಿ ಮುಟ್ಟಿದಾಗ ಅವರು ಗಂಗಾವತಿಯಲ್ಲಿ ಬಸ್ಸಿಗೆ ಕಾಯುತ್ತಿದ್ದರು. “ಕೊನೀ ಹೊಲಕ್ಕ ಮುಟ್ಟಿತಂತೇನು?” ಎಂದಷ್ಟೇ ಕೇಳಿ, ಬಸ್ಸು ಬಂತೆಂದು ಫೋನು ಇಟ್ಟರು.

ಹಳೆಯ ಅಗಸಿಯನ್ನು ಆ ದಿನವೇ ಕೆಡವಲಿಲ್ಲ. ಎಲ್ಲರೂ ಹೊಸ ದಾರಿ ಹಿಡಿದ ಮೇಲೂ ಎಲ್ಲಿಂದಲೋ ದಿನಕ್ಕೆ ಹತ್ತಿಪ್ಪತ್ತು ಜನ ಹಳೆಯ ವಿಳಾಸಕ್ಕೇ ಬರುತ್ತಿದ್ದರು. ಮಗ ಪ್ರತಿದಿನ ಬೆಳಗ್ಗೆ ಆ ಲೆಕ್ಕ ನೋಡುತ್ತಿದ್ದ. ಹತ್ತು, ಆರು, ಆರು, ಎರಡು. ಹದಿನಾರನೆಯ ದಿನ ಸೊನ್ನೆ ಬಂತು. ಇನ್ನೂ ಎರಡು ದಿನ ಕಾದು, ಮೂರನೆಯ ದಿನ ಸಂಜೆ ಗೊಂಚಲಿನ ಕೀಲಿಗಳನ್ನೆಲ್ಲ ಬದಲಾಯಿಸಿ, ಹಳೆಯ ಅಗಸಿಯನ್ನು ಅಳಿಸಿದ.